ಮಂಜೂರಾದ ಭೂಮಿಯೂ ಕಾಲಮಿತಿಯ ಪ್ರಶ್ನೆಯೂ

ಮೈಸೂರು ಸಂಸ್ಥಾನದಲ್ಲಿ ಜಾತಿಯ ಕಾರಣದಿಂದ ಉಂಟಾದ ಅಸಮಾನತೆಗೆ ದೊರೆತ ಪರಿಹಾರವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯಿಂದ ಆರಂಭಿಸುವರು. ಅದು ಯುಕ್ತವೇ ಸರಿ. ಆದರೆ ಆ ಸಮಿತಿ ಮುಖ್ಯವಾಗಿ ವಿಚಾರಿಸಿದುದು ಸರ್ಕಾರಿ ಉದ್ಯೋಗಗಳಲ್ಲಿನ ಪ್ರಾತಿನಿಧ್ಯವನ್ನು. ಹಳ್ಳಿಯಲ್ಲಿ ಅನ್ಯಾಯದ ಬೇರು ಇದ್ದುದು ಭೂಮಿಯಲ್ಲಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಬೇರನ್ನು ಪರಿಶೀಲಿಸಲು ನಾವು ಇಲ್ಲಿ ಉದ್ದೇಶಿಸಿದ್ದೇವೆ.

ಈ ಸೀಮೆ ಕೆರೆಗಳ ಸೀಮೆ. ಕೆರೆಯ ತೂಬನ್ನು ಎತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದವನು ನೀರುಗಂಟಿ. ಊರಿನ ಗಡಿಯನ್ನೂ ಪೈರನ್ನೂ ಕಾದು, ಕಂದಾಯದ ಕಾಲದಲ್ಲಿ ರೈತರನ್ನು ಕರೆದು ತರುತ್ತಿದ್ದವನು ತೋಟಿ. ಈ ಕೆಲಸಗಳು ಬಹುಮಟ್ಟಿಗೆ ಅಸ್ಪೃಶ್ಯರೆನಿಸಿದ್ದ ಮನೆತನಗಳಿಗೆ ವಂಶಪಾರಂಪರ್ಯವಾಗಿ ಸೇರಿದ್ದವು. ಪ್ರತಿಫಲವಾಗಿ ಸಣ್ಣ ಇನಾಮು ಭೂಮಿ ದೊರೆಯುತ್ತಿತ್ತು. ಪರರ ಗದ್ದೆಗೆ ನೀರು ಹರಿಸಿದವನು ತನ್ನ ತುಂಡು ನೆಲವನ್ನು ಸೇವೆ ನಡೆಯುವವರೆಗೆ ಮಾತ್ರ ಅನುಭವಿಸಬಹುದಾಗಿತ್ತು. 1908ರ ಗ್ರಾಮಾಧಿಕಾರಗಳ ಕಾಯಿದೆ ಈ ಪದ್ಧತಿಗೆ ಶಾಸನದ ರೂಪವನ್ನು ಕೊಟ್ಟಿತು. 1961ರ ಕಾಯಿದೆ ಅದನ್ನು ರದ್ದುಗೊಳಿಸಿತು.

ಇನಾಮಿನ ಹೊರಗೆ ಇದ್ದ ಇನ್ನೊಂದು ಮಾರ್ಗವೆಂದರೆ ದರಖಾಸ್ತು. ಅರ್ಜಿ ಎಂಬ ಅರ್ಥದ ಈ ಫಾರಸಿ ಮಾತು ನಮ್ಮ ಹಳ್ಳಿಗಳಲ್ಲಿ ಅರ್ಜಿಯಿಂದ ಬಂದ ಜಮೀನಿಗೇ ಹೆಸರಾದುದು ಗಮನಾರ್ಹವಾಗಿದೆ. ಸರ್ಕಾರವು ದಲಿತ ವರ್ಗದವರಿಗೆ ಭೂಮಿಯನ್ನು ಉಚಿತವಾಗಿಯೋ ಕಡಮೆ ಬೆಲೆಗೋ ಮಂಜೂರು ಮಾಡಿ, ಇಷ್ಟು ವರ್ಷಗಳವರೆಗೆ ಪರಭಾರೆ ಮಾಡಕೂಡದೆಂದು ಷರತ್ತು ವಿಧಿಸುತ್ತಿತ್ತು. ಆದರೆ ಸಾಲ, ಮದುವೆ, ಬರಗಾಲಗಳು ಷರತ್ತಿನ ಅವಧಿ ತೀರುವವರೆಗೆ ಕಾಯುವುದಿಲ್ಲ. ಸಾಗುವಳಿ ಚೀಟಿ ಪಡೆದವನ ಹೆಸರಿನಲ್ಲಿ ಇದ್ದರೂ ನೇಗಿಲು ಬೇರೆಯವನದಾಗುತ್ತಿತ್ತು.

ಇದನ್ನು ಸರಿಪಡಿಸಲು ಬಂದುದೇ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯಿದೆ, 1978. ಷರತ್ತನ್ನು ಮೀರಿದ ಮಾರಾಟ ಕಾಯಿದೆಗೆ ಮುಂಚೆ ನಡೆದಿದ್ದರೂ ಶೂನ್ಯವೆಂದು ಅದು ಸಾರಿತು; ಭೂಮಿಯನ್ನು ಹಿಂದಕ್ಕೆ ಪಡೆದು ಮೂಲ ಮಂಜೂರಾತಿದಾರನಿಗೋ ಅವನ ವಾರಸುದಾರರಿಗೋ ಒಪ್ಪಿಸುವ ಅಧಿಕಾರವನ್ನು ಉಪವಿಭಾಗಾಧಿಕಾರಿಗೆ ಕೊಟ್ಟಿತು. ಕಳೆದುಹೋದ ಕಾಲದ ಅನ್ಯಾಯಕ್ಕೆ ಕೈಚಾಚುವ ಧೈರ್ಯ ನಮ್ಮ ಶಾಸನಗಳಲ್ಲಿ ವಿರಳ. 1984ರಲ್ಲಿ ಮಂಚೇಗೌಡರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ಆದರೆ ಕಾಯಿದೆ ಜಾರಿಗೆ ಬರುವ ಮೊದಲೇ ದೀರ್ಘ ಅನುಭೋಗದಿಂದ ಪೂರ್ಣ ಹಕ್ಕು ಪಡೆದಿದ್ದವರನ್ನು ಹೊರಗಿಟ್ಟಿತು.

ಎಷ್ಟು ಕಾಲದವರೆಗೆ ಕೇಳಬಹುದು? ಕಾಯಿದೆ ಗಡುವನ್ನು ಹೇಳಿರಲಿಲ್ಲ. ದಕ್ಷಿಣ ಆಫ್ರಿಕದ 1994ರ ಭೂಹಕ್ಕು ಕಾಯಿದೆ 1913ರ ಜೂನ್ 19ರ ತರುವಾಯ ಜನಾಂಗಭೇದದ ಶಾಸನಗಳಿಂದ ಭೂಮಿ ಕಳೆದುಕೊಂಡವರು 1998ರ ಅಂತ್ಯದೊಳಗೆ ಅರ್ಜಿ ಹಾಕಬೇಕೆಂದು ಸ್ಪಷ್ಟವಾಗಿ ವಿಧಿಸಿತ್ತು. ಇಲ್ಲಿಯಾದರೋ 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದು ಸುತ್ತಣ ಹೊಲಗಳ ಬೆಲೆ ಏರಿದ ಮೇಲೆ ಈ ಮೌನ ಬಹು ದುಬಾರಿಯಾಯಿತು. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅರ್ಜಿ ಯುಕ್ತ ಕಾಲದೊಳಗೆ ಬರಬೇಕೆಂದಿತು. 2023ರಲ್ಲಿ ಶಾಸಕಾಂಗವು ಕಾಲಮಿತಿ ಇಲ್ಲವೆಂದು ತಿದ್ದುಪಡಿ ಮಾಡಿತು. ಮರುವರ್ಷ ಉಚ್ಚ ನ್ಯಾಯಾಲಯವು ಕಾಲಮಿತಿ ಬೇರೆ, ಅಕಾರಣ ವಿಳಂಬ ಬೇರೆ ಎಂದಿತು. ಓದುಬರಹವನ್ನೇ ನಿರಾಕರಿಸಲ್ಪಟ್ಟಿದ್ದ ಮನೆತನದ ವಿಳಂಬವನ್ನು ಅಕಾರಣವೆನ್ನುವುದು ನಮಗೆ ಕಷ್ಟವಾಗಿ ತೋರುತ್ತದೆ. ಆದರೆ ಮೂರನೆಯ ಕೈಯಿಂದ ಕೊಂಡ ಸಣ್ಣ ಹಿಡುವಳಿದಾರನ ನಷ್ಟವೂ ಸುಳ್ಳಲ್ಲ. ಅದನ್ನು ಅವನೊಬ್ಬನೇ ಹೊರಬೇಕೇ, ಸಮಾಜ ಹೊರಬೇಕೇ ಎಂಬುದನ್ನು ಕಾಯಿದೆ ಹೇಳುವುದಿಲ್ಲ.

ಇನ್ನೊಂದು ಸಂಗತಿಯಿದೆ. ‘ಮಂಜೂರಾದ ಭೂಮಿ’ಯ ವ್ಯಾಖ್ಯೆಯನ್ನು ಬರೆಯುವಾಗ ವಂಶಪಾರಂಪರ್ಯ ಹುದ್ದೆಗಳ ರದ್ದತಿಯಿಂದ ಬಂದ ಭೂಮಿಯನ್ನು 1978ರ ಕಾಯಿದೆ ಹೊರಗಿಟ್ಟಿತು. ಹೀಗಾಗಿ ತೋಟಿಯೂ ನೀರುಗಂಟಿಯೂ ತಲೆಮಾರುಗಳ ದುಡಿಮೆಯಿಂದ ಪಡೆದ ನೆಲಕ್ಕೆ ಈ ರಕ್ಷಣೆ ಸಲ್ಲಲಿಲ್ಲ.