ಎಲೆಕ್ಟ್ರಾನ್‌ಗಳ ದ್ರವಸದೃಶ ಪ್ರವಾಹ

ಎಲೆಕ್ಟ್ರಾನ್‌ಗಳ ದ್ರವಸದೃಶ ಪ್ರವಾಹ ಎಂದರೆ ವಾಹಕದೊಳಗಿನ ಎಲೆಕ್ಟ್ರಾನ್‌ಗಳು ಬಿಡಿ ಕಣಗಳಂತೆ ಚಲಿಸದೆ, ಸ್ನಿಗ್ಧತೆಯುಳ್ಳ ದ್ರವದಂತೆ ಒಟ್ಟಾಗಿ ಹರಿಯುವ ವಿದ್ಯಮಾನ. ಅತ್ಯಂತ ಶುದ್ಧವಾದ ಅರೆವಾಹಕ ರಚನೆಗಳಲ್ಲಿ ಹಾಗೂ ಗ್ರಾಫೀನ್‌ನಲ್ಲಿ ಇದು ಕಂಡುಬಂದಿದೆ.

ಹಿನ್ನೆಲೆ

ಸಾಮಾನ್ಯ ತಂತಿಯಲ್ಲಿ ಎಲೆಕ್ಟ್ರಾನ್‌ಗಳು ಕಲ್ಮಶಗಳಿಗೂ ಸ್ಫಟಿಕ ಜಾಲದ ಕಂಪನಗಳಿಗೂ ಡಿಕ್ಕಿ ಹೊಡೆದು ತಮ್ಮ ಸಂವೇಗವನ್ನು ಕಳೆದುಕೊಳ್ಳುತ್ತವೆ. ವಿದ್ಯುತ್ ರೋಧಕ್ಕೆ ಇದೇ ಮುಖ್ಯ ಕಾರಣ. ಎರಡು ಎಲೆಕ್ಟ್ರಾನ್‌ಗಳು ಪರಸ್ಪರ ಡಿಕ್ಕಿ ಹೊಡೆದಾಗ ಒಂದು ಕಳೆದುಕೊಂಡ ಸಂವೇಗವನ್ನು ಇನ್ನೊಂದು ಪಡೆಯುತ್ತದೆ. ಅವುಗಳ ಒಟ್ಟು ಸಂವೇಗ ಬದಲಾಗುವುದಿಲ್ಲ. ಆದ್ದರಿಂದ ಇಂತಹ ಡಿಕ್ಕಿಗಳು ನೇರವಾಗಿ ರೋಧವನ್ನು ಉಂಟುಮಾಡುವುದಿಲ್ಲ. ಎಲೆಕ್ಟ್ರಾನ್‌ಗಳ ಚಲನೆಯನ್ನು ಸಾಮೂಹಿಕಗೊಳಿಸುತ್ತವೆ.

ಪ್ರವಾಹದ ಬಗೆಗಳು

ಎರಡು ಡಿಕ್ಕಿಗಳ ನಡುವೆ ಕಣವೊಂದು ಕ್ರಮಿಸುವ ಸರಾಸರಿ ದೂರವನ್ನು ಸರಾಸರಿ ಮುಕ್ತ ಪಥ ಎನ್ನುತ್ತಾರೆ. ವಾಹಕದ ಅಗಲದೊಂದಿಗೆ ಇದನ್ನು ಹೋಲಿಸಿ ಮೂರು ಬಗೆಯ ಪ್ರವಾಹಗಳನ್ನು ಗುರುತಿಸಲಾಗುತ್ತದೆ.

ವಿಸರಣ ಪ್ರವಾಹ: ಕಲ್ಮಶ ಮತ್ತು ಕಂಪನಗಳೊಡನೆ ನಡೆಯುವ ಡಿಕ್ಕಿಗಳೇ ಪ್ರಧಾನ. ಓಮ್ ನಿಯಮ ಅನ್ವಯಿಸುತ್ತದೆ.

ನೇರಪಥ ಪ್ರವಾಹ: ವಾಹಕ ಕಿರಿದಾಗಿದ್ದು, ಎಲೆಕ್ಟ್ರಾನ್‌ಗಳು ಮುಖ್ಯವಾಗಿ ಅಂಚುಗಳಿಗೆ ಮಾತ್ರ ಬಡಿಯುತ್ತವೆ.

ದ್ರವಸದೃಶ ಪ್ರವಾಹ: ಎಲೆಕ್ಟ್ರಾನ್‌ಗಳ ಪರಸ್ಪರ ಡಿಕ್ಕಿಗಳೇ ಅತಿ ಹೆಚ್ಚು. ಕೊಳವೆಯಲ್ಲಿನ ನೀರಿನಂತೆ ಪ್ರವಾಹವು ನಡುವೆ ವೇಗವಾಗಿಯೂ ಅಂಚಿನಲ್ಲಿ ನಿಧಾನವಾಗಿಯೂ ಇರುತ್ತದೆ.

ಗುರ್ಜಿ ಪರಿಣಾಮ

ಸೋವಿಯತ್ ಭೌತವಿಜ್ಞಾನಿ ಆರ್. ಎನ್. ಗುರ್ಜಿ 1963ರಲ್ಲಿ, ಇಂತಹ ಸ್ಥಿತಿಯಲ್ಲಿ ಉಷ್ಣತೆ ಏರಿದಂತೆ ರೋಧ ಇಳಿಯಬಹುದೆಂದು ತೋರಿಸಿದರು. ಉಷ್ಣತೆ ಹೆಚ್ಚಿದಾಗ ಎಲೆಕ್ಟ್ರಾನ್‌ಗಳ ಪರಸ್ಪರ ಡಿಕ್ಕಿಗಳು ಹೆಚ್ಚುತ್ತವೆ. ಆಗ ಎಲೆಕ್ಟ್ರಾನ್ ಅಂಚನ್ನು ತಲುಪಿ ಸಂವೇಗ ಕಳೆದುಕೊಳ್ಳಲು ಹೆಚ್ಚು ಸಮಯ ಬೇಕಾಗುತ್ತದೆ. ಅಂದರೆ ದ್ರವದ ಸ್ನಿಗ್ಧತೆ ತಗ್ಗುತ್ತದೆ. ಸಾಮಾನ್ಯ ಅರೆವಾಹಕಗಳಲ್ಲಿಯೂ ಉಷ್ಣತೆಯೊಂದಿಗೆ ರೋಧ ಇಳಿಯುವುದುಂಟು. ಆದರೆ ಅದಕ್ಕೆ ಕಾರಣ ಚಲಿಸಬಲ್ಲ ಕಣಗಳ ಸಂಖ್ಯೆ ಹೆಚ್ಚುವುದು. ಗುರ್ಜಿ ಪರಿಣಾಮದಲ್ಲಿ ಆ ಸಂಖ್ಯೆ ಹೆಚ್ಚಬೇಕಾಗಿಲ್ಲ.

ಪ್ರಯೋಗಗಳು

ಈ ಪರಿಣಾಮವನ್ನು ಕಾಣಲು ಬೇಕಾದಷ್ಟು ಶುದ್ಧ ವಸ್ತು ದೊರೆಯಲು ಮೂರು ದಶಕಗಳೇ ಹಿಡಿದವು. ಗ್ಯಾಲಿಯಂ ಆರ್ಸೆನೈಡ್ ಮತ್ತು ಅಲ್ಯೂಮಿನಿಯಂ ಗ್ಯಾಲಿಯಂ ಆರ್ಸೆನೈಡ್ ಪದರಗಳು ಕೂಡುವಲ್ಲಿ ಎಲೆಕ್ಟ್ರಾನ್‌ಗಳು ಕೆಲವೇ ನ್ಯಾನೋಮೀಟರ್ ದಪ್ಪದ ಹಾಳೆಯಂತೆ ಹರಡಿಕೊಂಡಿರುತ್ತವೆ. 1990ರ ದಶಕದ ನಡುವಿನಲ್ಲಿ ಮೊಲೆನ್‌ಕ್ಯಾಂಪ್ ಮತ್ತು ಡಿ ಯೋಂಗ್ ಇಂತಹ ಹಾಳೆಯಲ್ಲಿ ಸುಮಾರು 4 ಮೈಕ್ರೋಮೀಟರ್ ಅಗಲದ ತಂತಿಗಳನ್ನು ರೂಪಿಸಿದರು. ಸ್ಫಟಿಕವನ್ನು ತಣ್ಣಗಿರಿಸಿ, ವಿದ್ಯುತ್ ಹರಿಸಿ ಎಲೆಕ್ಟ್ರಾನ್‌ಗಳನ್ನು ಮಾತ್ರ ಬಿಸಿಮಾಡಿದಾಗ, ರೋಧ ಮೊದಲು ಏರಿ ಅನಂತರ ಇಳಿಯಿತು.

2016ರಲ್ಲಿ ಗ್ರಾಫೀನ್‌ನಲ್ಲಿಯೂ ದ್ರವಸದೃಶ ವರ್ತನೆಯ ಕುರುಹುಗಳು ವರದಿಯಾದವು. 2017ರಲ್ಲಿ ಗ್ರಾಫೀನ್‌ನ ಕಿರಿದಾದ ದ್ವಾರಗಳ ಮೂಲಕ, ನೇರಪಥ ಪ್ರವಾಹದ ಮಿತಿಯನ್ನು ಮೀರಿದ ವಾಹಕತೆ ಕಂಡುಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಗ್ರಾಫೀನ್‌ನ ಎಲೆಕ್ಟ್ರಾನ್ ದ್ರವದ ಕುರಿತು 2025ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದ್ದಾರೆ.

ಮಹತ್ವ

ಡಿಕ್ಕಿಗಳು ಹೆಚ್ಚಿದಷ್ಟೂ ರೋಧ ಹೆಚ್ಚುತ್ತದೆ ಎಂಬ ಪರಿಚಿತ ತಿಳಿವಳಿಕೆಯ ಮಿತಿಯನ್ನು ಈ ವಿದ್ಯಮಾನ ತೋರಿಸುತ್ತದೆ. ರೋಧವನ್ನು ನಿರ್ಧರಿಸುವುದು ಡಿಕ್ಕಿಗಳ ಸಂಖ್ಯೆ ಮಾತ್ರವಲ್ಲ. ಆ ಡಿಕ್ಕಿಗಳಲ್ಲಿ ಎಲೆಕ್ಟ್ರಾನ್ ಸಮೂಹದ ಸಂವೇಗ ಹೊರಗೆ ಹೋಗುತ್ತದೆಯೇ ಎಂಬುದೂ ಮುಖ್ಯ.