ವಿಂಡೋಸ್ ಬದಲಾದಾಗಲೆಲ್ಲ: ಕನ್ನಡ ಡಿಟಿಪಿಯ ಮೂರು ದಶಕ

ಗದಗ-ಬೆಟಗೇರಿ ಅವಳಿ ಊರು ಪ್ರಿಂಟಿಂಗ್ ಪ್ರೆಸ್ಸುಗಳಿಗೆ ಹೆಸರಾದದ್ದು. ಲಗ್ನಪತ್ರಿಕೆ, ಬಿಲ್ ಬುಕ್, ಕ್ಯಾಲೆಂಡರ್, ಜಾತ್ರೆಯ ಹ್ಯಾಂಡ್‌ಬಿಲ್, ಮಠದ ಪುರಾಣದ ಪುಸ್ತಕ, ಸೊಸೈಟಿಯ ವಾರ್ಷಿಕ ವರದಿ ಎಲ್ಲವೂ ಇಲ್ಲಿಯ ಯಾವುದೋ ಓಣಿಯಲ್ಲಿ ಅಚ್ಚಾಗುತ್ತ ಬಂದಿವೆ. ನಾನು ಇಲ್ಲಿಯೇ ಮೊಳೆ ಜೋಡಿಸುವುದನ್ನು ಕಲಿತು, ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತವನು. ಕಂಪ್ಯೂಟರಿನ ಚರಿತ್ರೆ ಬರೆಯುವವರು ಹೊಸ ವಿಂಡೋಸ್ ಬಿಡುಗಡೆಯಾದ ದಿನವನ್ನು ದಾಖಲಿಸುತ್ತಾರೆ. ಅದು ಬಂದ ಮೇಲೆ ಸಣ್ಣ ಊರಿನ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಕಟ್ಟುವ) ಅಂಗಡಿಗಳಲ್ಲಿ ಕೆಲಸ ಹೇಗೆ ನಿಂತಿತು, ಹೇಗೆ ಮತ್ತೆ ಸಾಗಿತು ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಕನ್ನಡ ಪುಸ್ತಕ ಹುಟ್ಟುವ ಜಾಗದಲ್ಲಿ ನಡೆದ ಈ ಸಂಗತಿ ಬರವಣಿಗೆಗೆ ಬರಬೇಕು.

ಮೊಳೆಯ ಕಾಲದಲ್ಲಿ ಕನ್ನಡ ಕೇಸು ಎಂದರೆ ನೂರಾರು ಖಾನೆ. ಮೂಲಾಕ್ಷರ, ಗುಣಿತ, ಒತ್ತು ಎಲ್ಲಕ್ಕೂ ಬೇರೆ ಬೇರೆ ಮೊಳೆ. ನನಗೆ ಕೆಲಸ ಕಲಿಸಿದ ಹಿರಿಯ ಕಂಪೋಸಿಟರ್ ಕಾಕಾ ಸ್ಟಿಕ್ ಹಿಡಿದು ನಿಂತರೆ ಕೇಸಿನ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ಹಸ್ತಪ್ರತಿಯ ಮೇಲೆ, ಕೈ ಖಾನೆಯ ಒಳಗೆ. "ತಮ್ಮಾ, ಯಾವ ಅಕ್ಷರ ಎಲ್ಲೈತಿ ಅಂತ ಬೆರಳಿಗೆ ಗೊತ್ತಿರಬೇಕು. ನೆನಪು ಮಾಡ್ಕೊಂತ ಕುಂತ್ರ ಸಂಜಿತನಕ ಒಂದು ಪುಟ ಆಗೂದಿಲ್ಲ" ಎನ್ನುತ್ತಿದ್ದರು. ಆ ಪ್ರೆಸ್ಸಿನಲ್ಲಿ ಒಂದು ಕಟ್ಟಳೆ ಇತ್ತು: ಮಾಲೀಕ ಬದಲಾದರೂ ಕೇಸಿನ ಖಾನೆ ಬದಲಾಗಬಾರದು. ಅಕ್ಷರದ ಜಾಗ ಕೆಲಸಗಾರನ ಆಸ್ತಿ ಎಂಬ ಒಪ್ಪಂದ ಅದು. ಕಂಪ್ಯೂಟರ್ ಬಂದ ಮೇಲೆ ಮುರಿದದ್ದು ಮುಖ್ಯವಾಗಿ ಈ ಒಪ್ಪಂದವೇ.

ನಮ್ಮ ಕಸುಬಿಗೆ ಡಿಟಿಪಿ ಬಂದದ್ದು ಪುಟ ಕಟ್ಟುವ ತಂತ್ರಾಂಶವಾದ ಪೇಜ್‌ಮೇಕರ್ ಮೂಲಕ. ಆಲ್ಡಸ್ ಕಂಪನಿ ಅದನ್ನು 1985ರಲ್ಲಿ ಮ್ಯಾಕಿಂಟಾಷ್‌ಗೆ ತಂದಿತು. 1994ರಲ್ಲಿ ಆಲ್ಡಸ್ ಅಡೋಬಿಯ ಪಾಲಾಯಿತು. 1992ರ ವಿಂಡೋಸ್ 3.1ರಲ್ಲಿ ಟ್ರೂಟೈಪ್ ಫಾಂಟುಗಳಿಗೆ ಜಾಗ ಸಿಕ್ಕಿತು. ಆಗಿನ ಫಾಂಟಿನಲ್ಲಿ ಹೆಚ್ಚೆಂದರೆ 256 ಮನೆ. ಅಷ್ಟರಲ್ಲೇ ಕನ್ನಡವನ್ನು ಕೂಡಿಸಬೇಕಾಗಿತ್ತು. ಹಾಗಾಗಿ ಅಕ್ಷರವನ್ನು ತುಂಡು ಮಾಡಿದರು: ಬುಡ ಒಂದು, ತಲೆಕಟ್ಟು ಒಂದು, ಕೊಂಬು, ದೀರ್ಘ, ಒತ್ತು ಬೇರೆ ಬೇರೆ. ರೋಮನ್ ಅಕ್ಷರಗಳ ಜಾಗದಲ್ಲಿ ಈ ತುಂಡುಗಳನ್ನು ಇರಿಸಿದರು. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ, 1998ರಲ್ಲಿ ಬಂದ ಶೇಷಾದ್ರಿ ವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಎಲ್ಲವೂ ಈ ಉಪಾಯದಿಂದಲೇ ಕನ್ನಡ ಮೂಡಿಸಿದವು. ಆದರೆ ಯಾವ ತುಂಡು ಯಾವ ಮನೆಯಲ್ಲಿ ಎಂಬುದು ಒಂದೊಂದು ತಂತ್ರಾಂಶದಲ್ಲಿ ಒಂದೊಂದು ಥರ ಇತ್ತು.

ಕೀಲಿಮಣೆಯ ವಿಷಯದಲ್ಲಿ ಮಾತ್ರ ಕನ್ನಡಕ್ಕೆ ಅದೃಷ್ಟ ಒಲಿದಿತ್ತು. ಕೆ.ಪಿ. ರಾವ್ ಅವರು ಮೊದಲೇ ದಾರಿ ಹಾಕಿಕೊಟ್ಟಿದ್ದರು. ಕನ್ನಡದ ಧ್ವನಿಗೆ ಹೊಂದುವ ಇಂಗ್ಲಿಷ್ ಕೀಲಿ. ಅಲ್ಪಪ್ರಾಣಕ್ಕೆ ಸಾದಾ ಒತ್ತು, ಮಹಾಪ್ರಾಣಕ್ಕೆ ಶಿಫ್ಟ್. ಎರಡು ವ್ಯಂಜನ ಕೂಡಿಸಲು ಒಂದು ಕೊಂಡಿ ಕೀಲಿ. ಇಷ್ಟೇ ಸೂತ್ರ. ಅವರ ತಂತ್ರಾಂಶಕ್ಕೆ ಹೆಸರು ಸೇಡಿಯಾಪು, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಗೌರವಕ್ಕೆ. ಮುಂದೆ ರಾಜ್ಯ ಸರ್ಕಾರ ಒಪ್ಪಿಕೊಂಡ ಕೀಲಿಮಣೆಗೂ ಇದೇ ತಳಹದಿ. ಮೊಳೆಯ ಕೇಸು ಬಿಟ್ಟುಬಂದ ನಮ್ಮಂಥವರ ಬೆರಳಿಗೆ ಎರಡನೆಯ ಸಲ ಒಂದು ನೆಲೆ ಸಿಕ್ಕಿದ್ದು ಅವರಿಂದ.

1995ರ ಆಗಸ್ಟ್ 24ರಂದು ವಿಂಡೋಸ್ 95 ಬಿಡುಗಡೆಯಾಯಿತು. ಪರದೆಯ ಕೆಳಗೆ ಪಟ್ಟಿ, ಎಡ ಮೂಲೆಯಲ್ಲಿ ಸ್ಟಾರ್ಟ್ ಬಟನ್. ಇಂಗ್ಲಿಷ್ ಅಷ್ಟಾಗಿ ಬಾರದ ಹುಡುಗರಿಗೂ ಅದು ಬೇಗ ಕೈಹತ್ತಿತು: ಮೂಲೆ ಒತ್ತು, ಪ್ರೋಗ್ರಾಮ್ಸ್‌ಗೆ ಹೋಗು, ಪೇಜ್‌ಮೇಕರ್ ತೆಗೆ. ಏನು ತೋಚದಿದ್ದರೂ ಆ ಮೂಲೆಗೆ ಹೋದರೆ ದಾರಿ ಇರುತ್ತದೆ ಎಂಬ ಧೈರ್ಯ. 2001ರ ಅಕ್ಟೋಬರಿನಲ್ಲಿ ಬಂದ ಎಕ್ಸ್‌ಪಿ ಬಣ್ಣ ಬದಲಿಸಿತು, ಮೆನುವಿನ ಆಕಾರ ಬದಲಿಸಿತು. ಆದರೂ ಬೇಡವೆಂದವರಿಗೆ ಹಳೆಯ ಕ್ಲಾಸಿಕ್ ಮೆನು ಉಳಿಸಿಕೊಳ್ಳುವ ಅವಕಾಶ ಇಟ್ಟಿತ್ತು. ಅದೇ ವರ್ಷ ಪೇಜ್‌ಮೇಕರ್ 7 ಬಂತು. ಅದೇ ಕೊನೆಯ ಆವೃತ್ತಿಯೂ ಆಯಿತು. ಎಕ್ಸ್‌ಪಿ, ಪೇಜ್‌ಮೇಕರ್, ಜೊತೆಗೆ ನುಡಿ ಅಥವಾ ಶ್ರೀಲಿಪಿ: ಈ ಮೂರರ ಕೂಟದಲ್ಲಿ ಕನ್ನಡ ಪುಸ್ತಕೋದ್ಯಮ ದಶಕಕ್ಕೂ ಹೆಚ್ಚು ಕಾಲ ನಡೆಯಿತು. ಕಸುಬುದಾರನ ಕೈ ಇಷ್ಟು ನೆಮ್ಮದಿಯಿಂದ ಇದ್ದ ಕಾಲ ಮತ್ತೊಂದಿಲ್ಲ.

ಆ ನೆಮ್ಮದಿಯ ಒಳಗೇ ಒಂದು ಬಿರುಕು ಇತ್ತು. ಎಲ್ಲ ತಂತ್ರಾಂಶಕ್ಕೂ ಅಕ್ಷರದ ಸಂಕೇತ ಒಂದೇ ಆಗಿರುವ ಯೂನಿಕೋಡ್ ಕನ್ನಡ ಮೈಕ್ರೋಸಾಫ್ಟ್‌ನ ಕಡೆಯಿಂದ ಮೊದಲು ಬಂದದ್ದೂ ಎಕ್ಸ್‌ಪಿಯಲ್ಲೇ, ತುಂಗಾ ಎಂಬ ಫಾಂಟಿನೊಂದಿಗೆ. ಆದರೆ ಅದು ತಾನಾಗಿ ತೆರೆದುಕೊಳ್ಳುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಭಾಷೆಯ ಪುಟ ತೆರೆದು, ಸಂಕೀರ್ಣ ಲಿಪಿಗಳ ಪೆಟ್ಟಿಗೆಗೆ ಗುರುತು ಹಾಕಿ, ವಿಂಡೋಸಿನ ಸಿಡಿಯನ್ನು ಮತ್ತೆ ಹಾಕಬೇಕಿತ್ತು. ಅಷ್ಟು ಮಾಡಿದರೂ ಅದರೊಡನೆ ಬಂದ ಕೀಲಿಮಣೆ ಇನ್‌ಸ್ಕ್ರಿಪ್ಟ್: ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ಕೆ.ಪಿ. ರಾವ್ ವಿನ್ಯಾಸಕ್ಕೆ ಕೂತ ಬೆರಳಿಗೆ ಅದು ಪರದೇಶ. ಇನ್ನು ಪೇಜ್‌ಮೇಕರ್‌ಗಂತೂ ಯೂನಿಕೋಡ್ ಗೊತ್ತೇ ಇಲ್ಲ. ಹೀಗಾಗಿ ಒಂದೇ ಕಂಪ್ಯೂಟರಿನಲ್ಲಿ ಎರಡು ಕನ್ನಡ ನೆಲೆಸಿದವು: ಪತ್ರ, ಹುಡುಕಾಟ, ಇಂಟರ್ನೆಟ್ಟಿಗೆ ಒಂದು, ಪುಸ್ತಕಕ್ಕೆ ಇನ್ನೊಂದು. ಲೇಖಕರು ಯೂನಿಕೋಡಿನಲ್ಲಿ ಕಳಿಸಿದ್ದು ನಮ್ಮ ಪುಟಕ್ಕೆ ಇಳಿಯುತ್ತಿರಲಿಲ್ಲ; ನಾವು ಕಳಿಸಿದ ಫೈಲನ್ನು ಲೇಖಕರು ತೆರೆದರೆ, ಫಾಂಟ್ ಇಲ್ಲದ ಕಡೆ ತಲೆಯ ಮೇಲೆ ಗೀಟು ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಸಾಲು ಕಾಣುತ್ತಿತ್ತು.

2007ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದ ಬಗ್ಗೆ ಜಗತ್ತಿನಲ್ಲೆಲ್ಲ ದೂರು ಕೇಳಿಬಂತು. ಸುರಕ್ಷತೆ ಅದರ ಉದ್ದೇಶ, ಉದ್ದೇಶ ಒಳ್ಳೆಯದೇ. ಆದರೆ ಸಣ್ಣ ಬದಲಾವಣೆಗೂ ಪರದೆ ಮಬ್ಬಾಗಿ ಅನುಮತಿ ಕೇಳುವ ಪೆಟ್ಟಿಗೆ ಎದ್ದು ನಿಲ್ಲುತ್ತಿತ್ತು. ತಮ್ಮದೇ ಫೋಲ್ಡರಿನಲ್ಲಿ ಬರೆದಿಟ್ಟುಕೊಳ್ಳುವ ರೂಢಿಯ ಹಳೆಯ ತಂತ್ರಾಂಶಗಳು ಎಡವಿದವು. ಹಳೆಯ ಪ್ರಿಂಟರುಗಳಿಗೆ ಹೊಸ ಡ್ರೈವರ್ ಸಿಗಲಿಲ್ಲ. ಇದೇ ಹೊತ್ತಿಗೆ ಹೊಸ ಕಂಪ್ಯೂಟರುಗಳ ಹಿಂಬದಿಯಿಂದ ಪ್ಯಾರಲಲ್ ಪೋರ್ಟ್ ಮಾಯವಾಗುತ್ತಿತ್ತು. ದುಡ್ಡು ಕೊಟ್ಟು ಕೊಂಡ ಕನ್ನಡ ತಂತ್ರಾಂಶಗಳ ನಕಲು ತಡೆಯುವ ಲಾಕ್ ಸಿಕ್ಕಿಸುತ್ತಿದ್ದದ್ದು ಆ ಪೋರ್ಟಿಗೇ. ತಂತ್ರಾಂಶ ಕೈಯಲ್ಲಿದೆ, ಲಾಕ್ ಕೈಯಲ್ಲಿದೆ, ಸಿಕ್ಕಿಸಲು ಜಾಗವಿಲ್ಲ. ನಮ್ಮ ಓಣಿಯ ಅಂಗಡಿಗಳು ಕಂಡುಕೊಂಡ ಪರಿಹಾರ ಸರಳ: ಹೊಸ ಯಂತ್ರ ಕೊಂಡರೂ ಎಕ್ಸ್‌ಪಿಯನ್ನೇ ಹಾಕಿಸಿಕೊಳ್ಳುವುದು.

2009ರ ವಿಂಡೋಸ್ 7 ಅನೇಕ ಗಾಯ ಮಾಯಿಸಿತು. ಆದರೂ ಅದರಲ್ಲಿ ಹಳೆಯ ಕ್ಲಾಸಿಕ್ ಸ್ಟಾರ್ಟ್ ಮೆನು ಇರಲಿಲ್ಲ. ಎಕ್ಸ್‌ಪಿ, ವಿಸ್ಟಾಗಳಲ್ಲಿ ಉಳಿದಿದ್ದ ಆಯ್ಕೆ ಇಲ್ಲಿಗೆ ಮುಗಿಯಿತು. 64 ಬಿಟ್ ಆವೃತ್ತಿಯಲ್ಲಿ ಡಾಸ್ ಕಾಲದ ಕಾರ್ಯಕ್ರಮಗಳೂ 16 ಬಿಟ್ ತಂತ್ರಾಂಶಗಳೂ ತೆರೆಯುವುದೇ ನಿಂತಿತು. ಡಾಸ್‌ನಲ್ಲಿ ಲೆಕ್ಕಪತ್ರ ಬರೆಯುತ್ತಿದ್ದ ವ್ಯಾಪಾರಸ್ಥರಿಗೆ ಅದು ದೊಡ್ಡ ಪೆಟ್ಟು.

ಇವೆಲ್ಲಕ್ಕಿಂತ ದೊಡ್ಡ ಪಲ್ಲಟ 2012ರ ಅಕ್ಟೋಬರ್ 26ರಂದು. ವಿಂಡೋಸ್ 8ರಲ್ಲಿ ಸ್ಟಾರ್ಟ್ ಬಟನ್ನೇ ಇರಲಿಲ್ಲ. ಹದಿನೇಳು ವರ್ಷ ಕೋಟ್ಯಂತರ ಕೈಗಳು ಹೋಗಿ ಮುಟ್ಟಿದ ಮೂಲೆ ಖಾಲಿಯಾಯಿತು. ಕಾರಣ ತಿಳಿಯದ್ದೇನಲ್ಲ. 2010ರಲ್ಲಿ ಆಪಲ್ ಐಪ್ಯಾಡ್ ತಂದಿತ್ತು. ಬೆರಳಿನಿಂದ ಮುಟ್ಟಿ ನಡೆಸುವ ಟ್ಯಾಬ್ಲೆಟ್ ಮುಂದಿನ ಕಾಲ ಎಂದು ಮೈಕ್ರೋಸಾಫ್ಟ್ ನಂಬಿತು. ವಿಂಡೋಸ್ 8 ಬಂದ ದಿನವೇ ತನ್ನ ಸರ್ಫೇಸ್ ಟ್ಯಾಬ್ಲೆಟ್ಟನ್ನೂ ಮಾರಾಟಕ್ಕೆ ಬಿಟ್ಟಿತು. ಟ್ಯಾಬ್ಲೆಟ್ಟಿಗೂ ಮೇಜಿನ ಕಂಪ್ಯೂಟರಿಗೂ ಒಂದೇ ಮುಖ ಎಂಬುದು ತೀರ್ಮಾನ.

ಅದರ ಫಲ ಡಿಟಿಪಿ ಮಾಡುವವನ ಕುರ್ಚಿಯಿಂದ ನೋಡಿದರೆ ಹೀಗಿತ್ತು. ಪುಟ ಕಟ್ಟುತ್ತ ಕುಳಿತಿದ್ದೀರಿ, ಇನ್ನೊಂದು ತಂತ್ರಾಂಶ ತೆರೆಯಬೇಕು. ವಿಂಡೋಸ್ ಕೀಲಿ ಒತ್ತಿದರೆ ಪರದೆ ತುಂಬ ಬಣ್ಣದ ಚೌಕಗಳು. ಕಟ್ಟುತ್ತಿದ್ದ ಪುಟ ಪೂರ್ತಿ ಮರೆ. ಮೇಲಿನ ಬಲ ಮೂಲೆಯಲ್ಲಿ ಕಿಟಕಿ ಮುಚ್ಚಲು ಮೌಸ್ ಒಯ್ದರೆ ಅಲ್ಲಿಂದ ಬೇರೊಂದು ಪಟ್ಟಿ ಇಣುಕುತ್ತದೆ. ಯಂತ್ರ ಬಂದ್ ಮಾಡಬೇಕಾದರೂ ಆ ಅಡಗಿದ ಪಟ್ಟಿಯನ್ನು ಕರೆದು, ಸೆಟ್ಟಿಂಗ್ಸ್ ಒಳಗೆ ಹೊಕ್ಕು, ಪವರ್ ಹುಡುಕಬೇಕು. ಯಾವುದಕ್ಕೂ ಪರದೆಯ ಮೇಲೆ ಗುರುತಿಲ್ಲ. ಮೂಲೆಯಲ್ಲಿ ಏನೋ ಇದೆ ಎಂದು ಮೊದಲೇ ಗೊತ್ತಿದ್ದವನಿಗೆ ಮಾತ್ರ ಅದು ಸಿಗುತ್ತದೆ. ಪ್ರೂಫ್ ನೋಡಲು ಬಂದ ಗಿರಾಕಿ ಬೆನ್ನ ಹಿಂದೆ ನಿಂತಿರುವಾಗ, ಹತ್ತಾರು ವರ್ಷ ಈ ಕೆಲಸ ಮಾಡಿದ ಮನುಷ್ಯ ಕಲಿಯುವ ಹುಡುಗನ ಹಾಗೆ ತಡಕಾಡಬೇಕಾಯಿತು. ಸಮಯ ಹೋದದ್ದು ನಷ್ಟವೇ. ಕಸುಬುದಾರನ ಗೌರವಕ್ಕೆ ತಗುಲಿದ ಪೆಟ್ಟು ಅದಕ್ಕಿಂತ ದೊಡ್ಡದು.

ಜಗತ್ತಿನ ಬಳಕೆದಾರರು ಸುಮ್ಮನೆ ಕೂರಲಿಲ್ಲ. ಹಳೆಯ ಮೆನುವನ್ನು ಮರಳಿ ತರುವ ಕ್ಲಾಸಿಕ್ ಶೆಲ್‌ನಂಥ ಪುಕ್ಕಟೆ ತಂತ್ರಾಂಶಗಳಿಗೆ ಜನ ಮುಗಿಬಿದ್ದರು. ವಿಂಡೋಸ್ ವಿಭಾಗದ ಮುಖ್ಯಸ್ಥ ಸ್ಟೀವನ್ ಸಿನೋಫ್ಸ್ಕಿ ವಿಂಡೋಸ್ 8 ಬಿಡುಗಡೆಯಾದ ಮೂರೇ ವಾರದೊಳಗೆ ಕಂಪನಿ ಬಿಟ್ಟರು. 2013ರ ಅಕ್ಟೋಬರಿನ 8.1ರಲ್ಲಿ ಬಟನ್ ಮರಳಿತು, ಆದರೆ ಒತ್ತಿದರೆ ಬರುತ್ತಿದ್ದದ್ದು ಅದೇ ಚೌಕಗಳ ಪರದೆ. ಮೆನು ಮರಳಿದ್ದು 2015ರ ಜುಲೈ 29ರ ವಿಂಡೋಸ್ 10ರಲ್ಲಿ. ಅಷ್ಟರಲ್ಲಿ 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಯ ಬೆಂಬಲ ನಿಂತಿತ್ತು. ಒಂದು ಕಡೆ ಹಳೆಯದು ಅಸುರಕ್ಷಿತ, ಇನ್ನೊಂದು ಕಡೆ ಹೊಸದು ಕೈಗೆ ಬಾರದು. ನಮ್ಮ ಅಂಗಡಿಗಳು ಅದಕ್ಕೂ ದಾರಿ ಹುಡುಕಿದವು: ಇಂಟರ್ನೆಟ್ ತಂತಿ ಕಿತ್ತು ಎಕ್ಸ್‌ಪಿ ಯಂತ್ರವನ್ನು ಪೇಜ್‌ಮೇಕರಿಗೆ ಮೀಸಲಿಟ್ಟು, ಪೆನ್‌ಡ್ರೈವಿನಲ್ಲಿ ಫೈಲು ಸಾಗಿಸುವುದು.

ಇಷ್ಟು ಹೇಳಿದ ಮೇಲೆ ಹೊಸದರ ಉಪಕಾರವನ್ನೂ ಹೇಳಬೇಕು. ವಿಂಡೋಸ್ 8ರೊಡನೆಯೇ ನಿರ್ಮಲಾ ಫಾಂಟ್ ಬಂತು. ಕನ್ನಡ ನೋಡಲು ಸಿಡಿ ಹುಡುಕುವ ಕಾಲ ಅದಕ್ಕೂ ಮೊದಲೇ ಮುಗಿದಿತ್ತು. ಅದೇ 2012ರಲ್ಲಿ ಅಡೋಬಿಯ ಇನ್‌ಡಿಸೈನ್ ಸಿಎಸ್6 ಭಾರತೀಯ ಲಿಪಿಗಳನ್ನು ಯೂನಿಕೋಡಿನಲ್ಲಿ ಜೋಡಿಸಲು ಕಲಿತಿತು. ಪುಸ್ತಕದ ಕನ್ನಡ, ಇಂಟರ್ನೆಟ್ಟಿನ ಕನ್ನಡ ಒಂದಾಗುವ ಬಾಗಿಲು ತೆರೆಯಿತು. 2019ರಲ್ಲಿ ವಿಂಡೋಸ್ 10ಕ್ಕೆ ಧ್ವನಿ ಆಧಾರಿತ ಕನ್ನಡ ಕೀಲಿಮಣೆಯೂ ಸೇರಿತು. ಆದರೆ ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಸಿಯುವ ಚಾಳಿ ಹೋಗಲಿಲ್ಲ. ವಿಂಡೋಸ್ 10ರಲ್ಲಿ ತುಂಗಾ ಫಾಂಟು ಕೇಳಿದವರಿಗಷ್ಟೇ ಸಿಗುವ ಹೆಚ್ಚುವರಿ ವಸ್ತುವಾಯಿತು. ಅದರಲ್ಲಿ ಕಟ್ಟಿದ್ದ ಹಳೆಯ ಕಡತಗಳು ಬೇರೆ ಫಾಂಟಿನಲ್ಲಿ ತೆರೆದು ಸಾಲುಗಳು ಸರಿದವು. 2021ರ ವಿಂಡೋಸ್ 11 ಸ್ಟಾರ್ಟ್ ಬಟನ್ನನ್ನು ಮಧ್ಯಕ್ಕೆ ತಂದಿತು, ಬಲ ಗುಂಡಿಯ ಮೆನುವಿನ ಹಳೆಯ ಸಾಲುಗಳನ್ನು ಇನ್ನೊಂದು ಮೆಟ್ಟಿಲ ಹಿಂದೆ ಅಡಗಿಸಿತು, ಟಿಪಿಎಂ 2.0 ಎಂಬ ಸುರಕ್ಷತೆಯ ಚಿಪ್ ಇಲ್ಲದ ಯಂತ್ರಗಳನ್ನು ಹೊರಗಿಟ್ಟಿತು.

ಈ ಮೂರು ದಶಕ ನನಗೆ ಕಲಿಸಿದ್ದು ಒಂದು. ಹೊಸದು ಬಂದದ್ದರಿಂದ ಕೆಲಸಗಾರನಿಗೆ ತೊಂದರೆಯಾಗಲಿಲ್ಲ; ಹಳೆಯ ದಾರಿಯನ್ನು ಮುಚ್ಚಿದ್ದರಿಂದ ಆಯಿತು. ಕ್ಲಾಸಿಕ್ ಮೆನು ಉಳಿಸಿಕೊಂಡಿದ್ದ ಎಕ್ಸ್‌ಪಿಯನ್ನು ಜನ ಬಿಡಲೊಲ್ಲದೆ ಬಳಸಿದರು, ಮೂಲೆಯ ಬಟನ್ ಕಿತ್ತ 8ನ್ನು ಮೂರೇ ವರ್ಷದಲ್ಲಿ ತಯಾರಕರೇ ಬದಲಿಸಬೇಕಾಯಿತು. ಕಾರ್ಯಾಚರಣೆಯ ವ್ಯವಸ್ಥೆ ಎಂಬುದು ಕೆಲಸಗಾರನ ಕೈಯಡಿಯ ಕೇಸು. ಖಾನೆ ಸೇರಿಸಲಿ, ಚಂದ ಮಾಡಲಿ. ಇದ್ದ ಖಾನೆಯನ್ನು ಕೇಳದೆ ಕದಲಿಸುವ ಅಧಿಕಾರ ತಯಾರಕನಿಗೆ ಇರಬಾರದು.

ಇನ್ನು ನಮ್ಮ ಕೈಯಲ್ಲೇ ಇರುವ ಒಂದು ಕೆಲಸವಿದೆ. ಕೆಲವು ವರ್ಷಗಳ ಹಿಂದೆ ಒಬ್ಬ ಪ್ರಕಾಶಕರು ಹಳೆಯ ಕಾದಂಬರಿಯ ಮರುಮುದ್ರಣಕ್ಕೆ ಸಿಡಿ ತಂದುಕೊಟ್ಟರು. ಫೈಲು ಇತ್ತು, ಫಾಂಟು ಇರಲಿಲ್ಲ. ಇಡೀ ಪುಸ್ತಕ ಮತ್ತೆ ಟೈಪಾಯಿತು. ಇಂಥ ಫೈಲುಗಳು ನಾಡಿನ ಪ್ರೆಸ್ಸುಗಳ ಕಪಾಟುಗಳಲ್ಲಿ ರಾಶಿ ಬಿದ್ದಿವೆ. ಪೇಜ್‌ಮೇಕರ್ ಫೈಲನ್ನು ತೆರೆಯಬಲ್ಲ ಕೊನೆಯ ಇನ್‌ಡಿಸೈನ್ ಸಿಎಸ್6. ಪರಿವರ್ತಕ ತಂತ್ರಾಂಶಗಳಿವೆ, ಆದರೆ ಕಣ್ಣಿಟ್ಟು ತಿದ್ದಬೇಕು: ಹಳೆಯ ಫಾಂಟಿನಲ್ಲಿ 'ಧರ್ಮ'ದ ಅರ್ಕಾವತ್ತು ಮಕಾರದ ಆಮೇಲೆ ಕೂತಿರುತ್ತದೆ, ಯೂನಿಕೋಡಿನಲ್ಲಿ ರ್ ಮೊದಲು ಬರಬೇಕು. ಅಲ್ಲಿಯೇ ತಪ್ಪುಗಳು ನುಸುಳುವುದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೂ ಮುಗಿದಿದೆ. ಪ್ರಕಾಶಕರಲ್ಲಿ, ಪ್ರೆಸ್ಸಿನ ಮಾಲೀಕರಲ್ಲಿ, ಗ್ರಂಥಾಲಯದವರಲ್ಲಿ ನನ್ನ ಬಿನ್ನಹ ಇಷ್ಟೇ: ಹಳೆಯ ಯಂತ್ರ ಚಾಲೂ ಇರುವಾಗಲೇ, ಅದನ್ನು ನಡೆಸಬಲ್ಲ ಕೈಗಳು ಇರುವಾಗಲೇ ಆ ಫೈಲುಗಳನ್ನು ತೆರೆಯಿರಿ. ಪ್ರತಿ ಪುಸ್ತಕಕ್ಕೆ ಒಂದು ಯೂನಿಕೋಡ್ ಪಠ್ಯ, ಒಂದು ಪಿಡಿಎಫ್, ಬಳಸಿದ ಫಾಂಟು, ಈ ಮೂರನ್ನೂ ಒಟ್ಟಿಗೆ ಇಡಿ. ಮುಂದಿನ ಕಂಪ್ಯೂಟರ್ ಏನನ್ನು ಬದಲಿಸಿದರೂ ಆ ಪುಸ್ತಕಗಳು ಕನ್ನಡದಲ್ಲೇ ತೆರೆಯುತ್ತವೆ.