ಟೇಪಿನ ಅಳತೆ: ಡ್ರೈವನ್ನು ಕೇಳುವ, ಡ್ರೈವಿಗೆ ಹೇಳುವ ಕಮಾಂಡುಗಳ ಚರಿತ್ರೆ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಪಹಣಿಯಲ್ಲಿ ವಿಸ್ತೀರ್ಣ 2-10 ಎಂದಿದ್ದರೆ ಅದು ಎರಡು ಎಕರೆ ಹತ್ತು ಗುಂಟೆ. ಎಕರೆಗೆ 40 ಗುಂಟೆ ಎಂಬುದನ್ನು ಅರಿಯದವರು ಅದನ್ನೇ ದಶಮಾಂಶವಾಗಿ ಓದಿದರೆ ಆರು ಗುಂಟೆ ಗದ್ದೆ ಲೆಕ್ಕದಿಂದಲೇ ಹೋಗುತ್ತದೆ. ಅಂಕಿ ಅಳಿದಿಲ್ಲ, ಅಳತೆ ಮರೆತಿದೆ. ಮ್ಯಾಗ್ನೆಟಿಕ್ ಟೇಪಿನಲ್ಲಿಟ್ಟ ದಾಖಲೆಗಳು ಕೈತಪ್ಪುವುದೂ ಎಷ್ಟೋ ಸಲ ಹೀಗೆಯೇ ಎಂಬುದು ಈ ಲೇಖನದ ವಾದ.

ಭೂಮಿ ಯೋಜನೆ ಕರ್ನಾಟಕದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದ ಕಾಲಕ್ಕೆ, ಅಂದರೆ 2000ದ ಆಸುಪಾಸಿನಲ್ಲಿ, ಸರ್ವರ್ ಇದ್ದ ಕಚೇರಿಗಳಲ್ಲಿ ಬ್ಯಾಕಪ್ ಎಂದರೆ ಸಾಮಾನ್ಯವಾಗಿ ಟೇಪೇ. ಅಂಗೈಯಲ್ಲಿ ಮುಚ್ಚಿಡಬಹುದಾದ ನಾಲ್ಕು ಮಿಲಿಮೀಟರ್ ಟೇಪಿನ ಡಿಡಿಎಸ್ ಕ್ಯಾಸೆಟ್ 1989ರಿಂದ ಬಳಕೆಯಲ್ಲಿತ್ತು. 2000ದಲ್ಲಿ ಬಂದ ಮೊದಲ ಎಲ್‌ಟಿಒ ಕಾರ್ಟ್ರಿಜ್ 100 ಗಿಗಾಬೈಟ್ ಹಿಡಿಯುತ್ತಿತ್ತು.

ಅದಕ್ಕೂ ಹಿಂದಿನ ದೊಡ್ಡ ರೀಲುಗಳ ಕಾಲದಲ್ಲಿ ಡ್ರೈವಿನ ಸೆಟ್ಟಿಂಗ್ ಆಪರೇಟರ್ ಕೈಯಲ್ಲಿತ್ತು. ಇಂಚಿಗೆ 800, 1600 ಅಥವಾ 6250 ಬೈಟು ಎಂಬ ಸಾಂದ್ರತೆಯನ್ನು ಎಷ್ಟೋ ಯಂತ್ರಗಳಲ್ಲಿ ಗುಂಡಿ ಒತ್ತಿ ಆರಿಸಬೇಕಿತ್ತು. ರೀಲಿನ ಹಿಂದೆ ಪ್ಲಾಸ್ಟಿಕ್ ಬಳೆ ಹಾಕದಿದ್ದರೆ ಅದರ ಮೇಲೆ ಬರೆಯಲಾಗುತ್ತಿರಲಿಲ್ಲ. ಆ ಗುಂಡಿಯ ಕೆಲಸವನ್ನು ಕ್ರಮೇಣ ಕಮಾಂಡ್ ವಹಿಸಿಕೊಂಡಿತು. 1986ರ ಬರ್ಕ್ಲಿ ಯುನಿಕ್ಸ್ 4.3ರಲ್ಲಿ ಟೇಪ್ ಡ್ರೈವನ್ನು ನಡೆಸುವ ‘ಎಂಟಿ’ ಕಮಾಂಡ್ ಇತ್ತು. ಕಂಪ್ಯೂಟರಿಗೂ ಡ್ರೈವಿಗೂ ನಡುವಿನ ಸಂಪರ್ಕದ ನಿಯಮವಾಗಿ ಅದೇ ವರ್ಷ ಪ್ರಮಾಣಿತವಾದ ಸ್ಕಸಿ, ಡ್ರೈವಿನ ಸ್ಥಿತಿ ಕೇಳಲು ‘ಮೋಡ್ ಸೆನ್ಸ್’ ಎಂಬುದನ್ನೂ ಬದಲಿಸಲು ‘ಮೋಡ್ ಸೆಲೆಕ್ಟ್’ ಎಂಬುದನ್ನೂ ಕೊಟ್ಟಿತು. ಲಿನಕ್ಸಿನ ಟೇಪ್ ಡ್ರೈವರ್ ಬರೆದವರು ಫಿನ್ಲೆಂಡಿನ ಕಾಯ್ ಮ್ಯಾಕಿಸಾರ.

ಲಿನಕ್ಸ್ ಯಂತ್ರದಲ್ಲಿ ಡಿಡಿಎಸ್-3 ಕ್ಯಾಸೆಟ್ ಹಾಕಿ ‘ಎಂಟಿ ಸ್ಟೇಟಸ್’ ಎಂದು ಹೊಡೆದರೆ ತೆರೆಯ ಮೇಲೆ ಎರಡು ಸಂಗತಿ ಮುಖ್ಯವಾಗಿ ಕಾಣುತ್ತವೆ. ಒಂದು ಸಾಂದ್ರತೆ ಸೂಚಿಸುವ ಡೆನ್ಸಿಟಿ ಕೋಡ್, ಹದಿನಾರರ ಎಣಿಕೆಯಲ್ಲಿ 25. ಇನ್ನೊಂದು ಬ್ಲಾಕ್ ಗಾತ್ರ, ಅಂದರೆ ಟೇಪಿಗೆ ಒಂದು ಸಲಕ್ಕೆ ಬರೆಯುವ ತುಂಡಿನ ಅಳತೆ. ಅದು 512 ಇದ್ದರೆ ಪ್ರತಿ ಬ್ಲಾಕೂ ಅಷ್ಟೇ ಬೈಟು. ಸೊನ್ನೆ ಇದ್ದರೆ ಬರೆದವರು ಕೊಟ್ಟ ಅಳತೆಯೇ ಅಳತೆ. ತೊಡಕೆಲ್ಲ ಇರುವುದು ಇಲ್ಲೇ. ಕಡತಗಳನ್ನು ಒಟ್ಟುಗೂಡಿಸಿ ಟೇಪಿಗೆ ಬರೆಯುವ ‘ಟಾರ್’ ಕಮಾಂಡ್ ತಾನಾಗಿ ಬರೆಯುವುದು 20 ತುಣುಕು ಸೇರಿದ 10,240 ಬೈಟುಗಳ ಬ್ಲಾಕು. ಡ್ರೈವ್ 512ಕ್ಕೆ ನಿಂತಿದ್ದರೆ ಅದನ್ನು ಓದಲು ಹೋದಾಗ ದೋಷ ಬರುತ್ತದೆ. ಗಾತ್ರ ಸೊನ್ನೆಗಿಟ್ಟು, ಓದುವವರು ಬ್ಲಾಕಿಗಿಂತ ಚಿಕ್ಕ ತುಣುಕು ಕೇಳಿದರಂತೂ ಲಿನಕ್ಸ್ ‘ಮೆಮೊರಿ ಸಾಲದು’ ಎನ್ನುತ್ತದೆ. ಮೆಮೊರಿ ಬೇಕಾದಷ್ಟಿರುತ್ತದೆ, ಟೇಪೂ ಚೆನ್ನಾಗಿರುತ್ತದೆ. ಈ ಸಂದೇಶ ನಂಬಿದವರು ಟೇಪ್ ಕೆಟ್ಟಿತೆಂದು ಎಸೆದಾರು. ಆಗ ಬೇಕಾದದ್ದು ‘ಸೆಟ್‌ಬ್ಲಾಕ್’ ಕಮಾಂಡಿನಿಂದ ಗಾತ್ರ ಸರಿಪಡಿಸಿ, ಓದುವ ಅಳತೆಯನ್ನು ಹಿಗ್ಗಿಸುವುದು, ಅಷ್ಟೆ.

ಇದಕ್ಕಿಂತ ಘಾತಕವಾದದ್ದು ಒಂದೇ ಅಕ್ಷರದ ವ್ಯತ್ಯಾಸ. ‘ಎಸ್‌ಟಿ0’ ಎಂಬ ಸಾಧನದ ಹೆಸರಿನಿಂದ ಬರೆದರೆ ಕೆಲಸ ಮುಗಿದೊಡನೆ ಟೇಪ್ ಮೊದಲಿಗೆ ಸುತ್ತಿಕೊಳ್ಳುತ್ತದೆ. ‘ಎನ್‌ಎಸ್‌ಟಿ0’ ಎಂದರೆ ನಿಂತಲ್ಲೇ ನಿಲ್ಲುತ್ತದೆ. ಆ ‘ಎನ್’ ಮರೆತರೆ ಮಂಗಳವಾರದ ಬ್ಯಾಕಪ್ ಸೋಮವಾರದ್ದರ ಮೇಲೆಯೇ ಕೂರುತ್ತದೆ. ಹಾಗೆ ಹೋದದ್ದನ್ನು ಯಾವ ಕಮಾಂಡೂ ಮರಳಿ ತರದು.

ಡ್ರೈವುಗಳೂ ನಮಗಾಗಿ ಕಾಯುವುದಿಲ್ಲ. ಎಲ್‌ಟಿಒ ಎಂಟನೆಯ ಪೀಳಿಗೆಯ ಡ್ರೈವ್ ಏಳನೆಯದಕ್ಕಿಂತ ಹಳೆಯ ಕಾರ್ಟ್ರಿಜ್ ಓದುವುದೇ ಇಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿಗಳ ಯಾವುದೇ ಕಚೇರಿ, ಸಹಕಾರ ಸಂಘ, ಕಾಲೇಜಿನ ಬೀರುವಿನಲ್ಲಿ ಇಂಥ ಕ್ಯಾಸೆಟ್ ಉಳಿದಿದ್ದರೆ ದಯವಿಟ್ಟು ಎಸೆಯಬೇಡಿ. ಮೊದಲು ಬರೆಯದಂತೆ ತಡೆಯುವ ಕೀಲಿಯನ್ನು ಸರಿಸಿ. ಬರೆದ ವರ್ಷ, ಡ್ರೈವಿನ ಮಾದರಿ, ಬ್ಲಾಕ್ ಗಾತ್ರ, ಬಳಸಿದ ಕಮಾಂಡ್ ಯಾವುದೆಂದು ಬಲ್ಲವರನ್ನು ಕೇಳಿ ಚೀಟಿ ಅಂಟಿಸಿ. 1962ರಲ್ಲಿ ಆರಂಭವಾದ ಮಂಡ್ಯದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಅವನ್ನು ಓದಿ ನಕಲು ಮಾಡುವುದನ್ನೇ ಒಂದು ಪ್ರಾಜೆಕ್ಟಾಗಿ ಎತ್ತಿಕೊಳ್ಳಲಿ. ಆ ಡ್ರೈವುಗಳನ್ನು ನಡೆಸಿದವರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.